ಅಪ್ಪ ಎರಡು ಸಲ ಸತ್ತ ಸಿನಿಮಾ

ಜನವರಿ 19, ರವಿವಾರ

ಅಪ್ಪನ ಧ್ವನಿ ಇವತ್ತೂ ಬರಲಿಲ್ಲ. ಬೆಳಿಗ್ಗೆ ಚಹಾ ಕೊಟ್ಟಾಗ ಏನೋ ಅಂದ, ಕೇಳಿಸಲಿಲ್ಲ. ತುಟಿ ನೋಡಿ ಸಕ್ಕರೆ ಕಡಿಮೆಯಾಗಿದೆ ಎಂದು ತಿಳಿದುಕೊಂಡೆ. ಖಾನಾಪುರ–ಬೆಳಗಾವಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದ ಮನುಷ್ಯ ಇವನು. "ದೇಸೂರ ಯಾರ್ರೀ, ದೇಸೂರ!" ಎಂದು ಕೂಗಿದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವರೂ ದಡಬಡಿಸಿ ಇಳಿಯುತ್ತಿದ್ದರು, ಕೆಲವರು ದೇಸೂರಿನವರಲ್ಲದಿದ್ದರೂ. ರಜೆ ಸಿಕ್ಕಾಗಲೆಲ್ಲ ನಂದಗಡದ ನಾಟಕ ಮಂಡಳಿಯಲ್ಲಿ ಪಾತ್ರ. ಗುರುಪುತ್ರಪ್ಪನ ಮಾತು ಕೇಳಲು ಮೈಕು ಬೇಡ ಎಂದು ಸುತ್ತಲಿನ ಊರುಗಳಲ್ಲೆಲ್ಲ ಹೆಸರು. ಅಂಥವನು ಈಗ ಪಿಸುಗುಡುತ್ತಾನೆ.

ಒಂದು ಕಡೆಯಿಂದ ಬರೆದರೆ ನನ್ನ ತಲೆಯಾದರೂ ತಿಳಿಯಾದೀತು. ಎಲ್ಲ ಶುರುವಾದದ್ದು ಆ ದರಿದ್ರ ಸಿನಿಮಾದಿಂದ. "ಹೊಳೆಯಾಚೆಗಿನ ಹೊಲ" ಎಂದು ಹೆಸರು. ಬೆಳಗಾವಿಯ ಚೇತನ ಎಂಬುವನ ಮೊದಲ ಸಿನಿಮಾ. ನಂದಗಡದ ಸುತ್ತಮುತ್ತಲೇ ಚಿತ್ರೀಕರಣ. ಹೊಲದ ಜಗಳದಲ್ಲಿ ಏಟು ತಿಂದು, ಅಂಗಳಕ್ಕೆ ಬಂದು ಮಗಳ ಎದುರು ಸಾಯುವ ಮುದುಕನ ಪಾತ್ರ ಅಪ್ಪನದು. ಆ ದೃಶ್ಯಕ್ಕೆ ಸುತ್ತ ನಿಲ್ಲಲು ನಂದಗಡದ ಜನರನ್ನೇ ಕರೆಸಿದ್ದರು. ಅವರೆಲ್ಲ ಅಪ್ಪನ ನಾಟಕ ನೋಡಿ ಬೆಳೆದವರು. ನಮ್ಮ ಕಡೆ ನಾಟಕದಲ್ಲಿ ಹಾಡಾಗಲಿ ಸಾವಾಗಲಿ ಮನಸ್ಸಿಗೆ ಬಂದರೆ ಜನ "ವನ್ಸ್ ಮೋರ್" ಎಂದು ಕೂಗುತ್ತಾರೆ. ಸತ್ತವನು ಎದ್ದು, ಕೈ ಮುಗಿದು, ಮತ್ತೆ ಸಾಯಬೇಕು. ಅದು ರಿವಾಜು. ಅವತ್ತು ಅಪ್ಪ ಕಂಬ ಹಿಡಿದು, ತೂರಾಡಿ, ಎದೆ ಬಡಿದುಕೊಂಡು ಸತ್ತ. ಇದು ಸಿನಿಮಾ ಎಂಬುದನ್ನು ಮರೆತು ಜನ ಕೂಗಿದರು. ಅಪ್ಪನೂ ಮರೆತು ಎದ್ದ, ಕೈ ಮುಗಿದ, ಮತ್ತೆ ಸತ್ತ. ಕ್ಯಾಮೆರಾ ನಡೆದೇ ಇತ್ತು. ಚೇತನ ಅದಷ್ಟನ್ನೂ ಹಾಗೆಯೇ ಸಿನಿಮಾದಲ್ಲಿ ಇಟ್ಟುಬಿಟ್ಟ.

ಬೆಳಗಾವಿಯಲ್ಲಿ ಮೊದಲ ದಿನವೇ ಹೋಗಿದ್ದೆವು. ಅಪ್ಪ ಇಸ್ತ್ರಿಯ ಧೋತರ, ಹಣೆಗೆ ಹೊಸ ವಿಭೂತಿ. ಹೆಣ ಎದ್ದು ಕೂತು ಕೈ ಮುಗಿದಾಗ ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಕತ್ತಲಲ್ಲೇ ಅಪ್ಪನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಮುಂದಿನದನ್ನು ನಾವಿಬ್ಬರೂ ನೋಡಿಲ್ಲ. ಆಮೇಲೆ ಯಾರೋ ಅಷ್ಟೇ ತುಣುಕನ್ನು ಕತ್ತರಿಸಿ ಮೊಬೈಲಿಗೆ ಹರಿಬಿಟ್ಟರು. ಸಂತೆಯಲ್ಲಿ, ಬಸ್ಸಿನಲ್ಲಿ ಅಪ್ಪನನ್ನು ಕಂಡರೆ ಸಾಕು, "ಅಜ್ಜಾ, ವನ್ಸ್ ಮೋರ್!" ಕಳೆದ ತಿಂಗಳು ಖಾನಾಪುರದ ಬಸ್ ನಿಲ್ದಾಣದಲ್ಲಿ ಒಂದು ಗುಂಪು ಸುತ್ತುವರಿದು ಚಪ್ಪಾಳೆ ತಟ್ಟಿತಂತೆ. ಅಪ್ಪ ಮನೆಗೆ ಬಂದು ನೀರು ಕೇಳಿದ. ಆಗಲೇ ಧ್ವನಿ ಇರಲಿಲ್ಲ.

ನಾಳಿದ್ದು ಗಂಟಲಿನ ಡಾಕ್ಟರು. ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಇರಬಾರದ ಕಲ್ಪನೆಗಳೆಲ್ಲ ಬರುತ್ತಿವೆ.

ಜನವರಿ 21, ಮಂಗಳವಾರ

ಬೆಳಗಾವಿಯ ನೆಹರು ನಗರಕ್ಕೆ ಕರೆದುಕೊಂಡು ಹೋಗಿದ್ದೆ. ಮೂಗಿನಿಂದ ನಳಿಕೆ ಬಿಟ್ಟು ನೋಡಿದರು. ಅಪ್ಪ ಅಲುಗಾಡದೆ ಕೂತಿದ್ದ.

ಎಲ್ಲ ಸರಿಯಿದೆಯಂತೆ. ಗಂಟು ಇಲ್ಲ, ಬಾವು ಇಲ್ಲ, ನರವೂ ಸರಿ. "ಅಜ್ಜಾರಿಗೆ ಏನರ ಚಿಂತಿ ಐತೇನ್ರಿ?" ಎಂದು ಕೇಳಿದರು. ಅಪ್ಪ ಇಲ್ಲವೆಂದು ತಲೆಯಾಡಿಸಿದ. ಡಾಕ್ಟರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ನರ್ಸು ಅಪ್ಪನನ್ನೇ ದಿಟ್ಟಿಸುತ್ತಾ ತುಟಿ ಕಚ್ಚಿದಳು. ಗುರುತು ಸಿಕ್ಕಿತ್ತು. ಒಳ್ಳೆಯವಳು, ನಗಲಿಲ್ಲ. ಆದರೆ ನಗು ತಡೆದುಕೊಂಡದ್ದು ಅಪ್ಪನಿಗೆ ಕಂಡಿತು.

ಏನಾದರೂ ರೋಗ ಸಿಕ್ಕಿದ್ದರೆ ಔಷಧಿಯಾದರೂ ಇರುತ್ತಿತ್ತು. ಇಂಥ ಯೋಚನೆ ಬಂದದ್ದಕ್ಕೆ ನನಗೇ ಹೆದರಿಕೆಯಾಯಿತು. ಅವ್ವ ಹೋಗಿ ಎರಡು ವರ್ಷ ಆಗುತ್ತ ಬಂತು. ಈ ಮನೆಯಲ್ಲಿ ಉಳಿದಿದ್ದ ಒಂದೇ ಸದ್ದು ಅಪ್ಪನದು.

ಜನವರಿ 24, ಶುಕ್ರವಾರ

ನಂದಗಡದಿಂದ ಈರಣ್ಣ ಮಾಮಾ ಬಂದಿದ್ದ, ನಾಟಕ ಮಂಡಳಿಯ ಮಾಸ್ತರ. ಈ ವರ್ಷದ ನಾಟಕಕ್ಕೆ ತಾಲೀಮು ಶುರುವಾಗಿದೆ, ಮುಖ್ಯ ಪಾತ್ರ ಖಾಲಿ ಇಟ್ಟು ಕಾಯುತ್ತಿದ್ದಾರೆ.

"ನೀ ಬಂದು ಬರೇ ಕುಂದ್ರು ಗುರುಪುತ್ರಪ್ಪ. ಮಾತ ಆಮ್ಯಾಲ ಬರ್ತಾವ."

ಅಪ್ಪ ಗಂಟಲು ಮುಟ್ಟಿ ತೋರಿಸಿ ಕೈಯಾಡಿಸಿದ. ಈರಣ್ಣ ಮಾಮಾ ಹೋಗುವಾಗ ಬಾಗಿಲಲ್ಲಿ ನನ್ನೊಬ್ಬಳಿಗೇ ಹೇಳಿದ, "ತಂಗಿ, ಅವತ್ತ ವನ್ಸ್ ಮೋರ್ ಅಂತ ಮೊದಲ ಒದರಿದಂವ ನಾನ. ಖುಷಿ ಆಗಿ ಒದರಿದ್ನೆವ್ವ. ಹಿಂಗ ಆಕ್ಕೈತಿ ಅಂತ ಯಾರಿಗ ಗೊತ್ತಿತ್ತು?"

ಅವನ ಮೇಲೆ ಸಿಟ್ಟು ಮಾಡಬೇಕೆಂದರೂ ಬರಲಿಲ್ಲ. ಸಿಟ್ಟೆಲ್ಲ ಆ ಚೇತನನ ಮೇಲೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಪುಣೆಗೆ ಹೋಗಿ ಕೂತಿದ್ದಾನಂತೆ. ಕತ್ತರಿ ಕೈಯಲ್ಲಿತ್ತು, ಕತ್ತರಿಸಲು ಏನು ಧಾಡಿ?

ಜನವರಿ 30, ಗುರುವಾರ

ಕೆಲಸದ ನಡುವೆ ಫೋನು. ಬೆಳಗಾವಿಯ ಶಹಾಪುರದ ಹೃಷೀಕೇಶ ಎಂಬುವರು. ಅಲ್ಲೊಂದು ಸಿನಿಮಾ ಬಳಗ ನಡೆಸುತ್ತಾರಂತೆ. ತಿಂಗಳಿಗೊಮ್ಮೆ ಒಂದು ಸಿನಿಮಾ ಹಾಕಿ ಚರ್ಚೆ.

"ಈ ಸಲ ನಿಮ್ಮ ತಂದೀಯವ್ರ ಸಿನಿಮಾ ಇಟ್ಟೇವ್ರಿ. ಎಲ್ಲಾರೂ ಕೆಟ್ಟೈತಿ ಅಂತಾರಲ್ಲ, ಖರೇನ ಅಷ್ಟ ಕೆಟ್ಟೈತೋ ಇಲ್ಲೋ ಅಂತ ಮಾತಾಡೂಣು ಅಂತ. ಬಸವಪ್ರಸಾದ ಸರ್ ಬರ್ತಾರ. ಅಜ್ಜಾರೂ ಬಂದ್ರ ಬಾಳ ಚಲೋ ಆಕ್ಕೈತಿ."

ಬಸವಪ್ರಸಾದ ಎಂದರೆ "ವರ್ಷದ ಅತಿ ಕೆಟ್ಟ ಸಿನಿಮಾ" ಎಂದು ಪತ್ರಿಕೆಯಲ್ಲಿ ಬರೆದ ಪ್ರಾಧ್ಯಾಪಕರು. ಅವರ ಮುಂದೆ, ಎಲ್ಲರ ಮುಂದೆ, ಅಪ್ಪನನ್ನು ಕೂರಿಸಿ ಅದೇ ದೃಶ್ಯ ತೋರಿಸುತ್ತಾರಂತೆ. ಗಾಯದ ಮೇಲೆ ಬರೆ ಎಳೆಯುವುದಕ್ಕೂ ಚರ್ಚೆ ಎಂಬ ಹೆಸರು! ತಂದೆಗೆ ಹುಷಾರಿಲ್ಲ, ಬರುವುದಿಲ್ಲ ಎಂದು ಹೇಳಿ ಕಟ್ ಮಾಡಿದೆ. ಒಂದು ಸ್ಯಾಂಪಲ್ಲಿನ ಸೀಸೆ ಬಿದ್ದು ಒಡೆಯುವುದರಲ್ಲಿತ್ತು, ಹಿಡಿದುಕೊಂಡೆ.

ಅಪ್ಪನಿಗೆ ಹೇಳಲಿಲ್ಲ. ಹೇಳುವುದೂ ಇಲ್ಲ.

ಫೆಬ್ರುವರಿ 2, ರವಿವಾರ

ಹೇಳಿದವಳು ಭೀಮಕ್ಕತ್ತೆ. ಅಪ್ಪನ ಅಕ್ಕ, ಮೂರು ಮನೆ ಆಚೆ ಇದ್ದಾಳೆ, ಮನೆಗೆ ಬಂದರೆ ಬಡಿದುಕೊಳ್ಳುವ ಫೋನು ಯಾರದೇ ಇರಲಿ ಎತ್ತುತ್ತಾಳೆ. ನಾನು ಸ್ನಾನಕ್ಕೆ ಹೋಗಿದ್ದಾಗ ಹೃಷೀಕೇಶರು ಮತ್ತೆ ಮಾಡಿದ್ದಾರೆ. ಅತ್ತೆ ಎಲ್ಲ ಕೇಳಿಕೊಂಡು ಅಪ್ಪನಿಗೆ ಒಪ್ಪಿಸಿದ್ದಾಳೆ. ನಾನು ಬರುವಷ್ಟರಲ್ಲಿ ಅವಳ ಉಪದೇಶ ನಡೆದಿತ್ತು.

"ನಗವರ ಮುಂದ ಎಡವಿ ಬೀಳಬಾರದು ಅಂತಾರ. ನೀ ಒಮ್ಮೆ ಬಿದ್ದಿ. ಮತ್ತ ಗಾಡಿ ಮಾಡ್ಕೊಂಡ ಹೋಗಿ ಬೀಳ್ತಿಯೇನು?"

"ನಾನ ಬ್ಯಾಡ ಅಂತ ಹೇಳೀನತ್ತಿ," ಎಂದೆ.

ಅಪ್ಪ ನನ್ನನ್ನು ಕರೆದ. ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ಯಬೇಕಾಯಿತು.

"ಹೋಗೂಣು."

ಯಾಕೆ ಎಂದು ಕೇಳಿದೆ. ಹತ್ತು ಸಲ ಕೇಳಿದೆ. ಮತ್ತೊಮ್ಮೆ ಅಷ್ಟೇ, "ಹೋಗೂಣು."

ಫೆಬ್ರುವರಿ 5, ಬುಧವಾರ

ಶಹಾಪುರದ ಸಭೆಯಲ್ಲಿ ಅಪ್ಪ ಎದ್ದು ನಿಂತು ಬಾಯಿ ತೆರೆದು ಧ್ವನಿಯೇ ಬರದೆ ನಿಂತಂತೆ, ಹಿಂದಿನ ಸಾಲಿನಿಂದ ಅದೇ ಕೂಗು ಎದ್ದಂತೆ ಕಣ್ಣಿಗೆ ಕಟ್ಟುತ್ತದೆ. ಬರೆದರೂ ಕಡಿಮೆಯಾಗುತ್ತಿಲ್ಲ.

ಫೆಬ್ರುವರಿ 8, ಶನಿವಾರ

ಹೋಗುವುದು ತಪ್ಪುವುದಿಲ್ಲ ಎಂದ ಮೇಲೆ ಬರಿಗೈಯಲ್ಲಿ ಹೋಗಬಾರದು. ತಪ್ಪೆಲ್ಲ ಚೇತನನದು, ಅಪ್ಪನದು ಒಂದೂ ಅಲ್ಲ ಎಂದು ಅಲ್ಲಿ ನಾನೇ ಎದ್ದು ಹೇಳಬೇಕು. ಅದಕ್ಕೆ ಆಧಾರ ಬೇಕು. ಸಿನಿಮಾ ಈಗ ಮೊಬೈಲಿನಲ್ಲಿ ಸಿಗುತ್ತದೆ. ಲ್ಯಾಬಿಗೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಶುರು ಮಾಡಿದೆ.

ಆಧಾರಕ್ಕೆ ಬರವಿಲ್ಲ. ಒಂದು ಎಮ್ಮೆ ಹೊಳೆ ದಾಟುವುದನ್ನು ತೋರಿಸುತ್ತಾರೆ, ನಮ್ಮ ಬಸ್ಸು ದೇಸೂರು ದಾಟಿತು, ಎಮ್ಮೆ ಇನ್ನೂ ದಾಟಿರಲಿಲ್ಲ. ಹೀರೋ ಸಿಟ್ಟಾದಾಗ, ದುಃಖಪಟ್ಟಾಗ, ರೊಟ್ಟಿ ತಿನ್ನುವಾಗ ಒಂದೇ ಮುಖ. ಜಗಳ ಯಾವ ಹೊಲದ್ದೆಂದು ಅರ್ಧ ಸಿನಿಮಾ ಮುಗಿದರೂ ತಿಳಿಯುವುದಿಲ್ಲ. ಹಿನ್ನೆಲೆಯಲ್ಲಿ ಒಂದು ಕೊಳಲು, ಬೇಡವೆಂದರೂ ಬಿಡದೆ ಊದುತ್ತದೆ. ಬಸವಪ್ರಸಾದ ಬರೆದದ್ದರಲ್ಲಿ ಸುಳ್ಳೇನಿಲ್ಲ.

ಅಪ್ಪ ಅಂಗಳಕ್ಕೆ ಕಾಲಿಟ್ಟ ಕೂಡಲೇ ನಿಲ್ಲಿಸಿಬಿಟ್ಟೆ. ಪಕ್ಕದ ಸೀಟಿನ ಹೆಂಗಸು ನನ್ನ ಮೊಬೈಲು ನೋಡುತ್ತಿದ್ದಳು.

ಫೆಬ್ರುವರಿ 11, ಮಂಗಳವಾರ

ಊಟದ ಹೊತ್ತಿನಲ್ಲಿ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಉಳಿದದ್ದನ್ನು ನೋಡಿದೆ.

ಮೊದಲ ಸಾವು ಎಲ್ಲರೂ ನಕ್ಕದ್ದೇ. ಕಂಬ, ತೂರಾಟ, ಎದೆ ಬಡಿತ, ಉದ್ದನೆಯ ಮಾತು. ಜನರ ಕೂಗು. ಅಪ್ಪ ಏಳುತ್ತಾನೆ, ಕೈ ಮುಗಿಯುತ್ತಾನೆ. ಮೊಬೈಲಿನ ತುಣುಕು ಇಲ್ಲಿಗೆ ನಿಲ್ಲುತ್ತದೆ. ಸಿನಿಮಾ ನಿಲ್ಲುವುದಿಲ್ಲ.

ಮಗಳ ಪಾತ್ರದ ಹುಡುಗಿ ಹೆಣದ ಮೇಲೆ ಬಿದ್ದು ಅಳುತ್ತಿದ್ದಳಲ್ಲ, ಅಪ್ಪ ಎದ್ದಾಗ ಅವಳು ತಲೆಯೆತ್ತುತ್ತಾಳೆ. ಅಳು ನಿಂತಿದೆ. ಅವಳು ನಗುತ್ತಾಳೆ. ಚೇಷ್ಟೆಯ ನಗುವಲ್ಲ, ಸತ್ತ ಅಪ್ಪ ಎದ್ದು ಕೂತನಲ್ಲ ಎಂಬ ನಗು. ಅಷ್ಟರಲ್ಲಿ ಅಪ್ಪ ಮತ್ತೆ ಮಲಗುತ್ತಾನೆ. ಈ ಸಲ ಕಂಬವಿಲ್ಲ, ಮಾತಿಲ್ಲ. ದಣಿದವನು ಹೊರಸಿನ ಮೇಲೆ ಮಲಗಿದಂತೆ ಮಲಗಿ, ಮುಖ ಆ ಕಡೆ ತಿರುಗಿಸುತ್ತಾನೆ. ಯಾರೂ ಕೂಗುವುದಿಲ್ಲ. ಕೊಳಲೂ ಇಲ್ಲ. ಹುಡುಗಿ ಅವನ ಬೆನ್ನು ಅಲುಗಿಸಿ "ಬಾಬಾ" ಅನ್ನುತ್ತಾಳೆ. ಬಹಳ ಹೊತ್ತು ಅಷ್ಟೇ.

ಅವ್ವ ನೆನಪಾದಳು. ಆಸ್ಪತ್ರೆಯಲ್ಲಿ ಇನ್ನಿಲ್ಲ ಎಂದು ಕೈ ಚೆಲ್ಲಿದ್ದರು, ನಾವು ಅತ್ತೂ ಆಗಿತ್ತು. ಅಷ್ಟಾದ ಮೇಲೆ ಕಣ್ಣು ಬಿಟ್ಟಳು, ಮನೆಗೆ ಬಂದಳು, ಗೋಡೆಗೆ ಆತು ಕೂತು ರೊಟ್ಟಿ ತೆಳ್ಳಗಾಗಿಲ್ಲ ಎಂದು ನನ್ನನ್ನು ಬೈದಳು. ಗೆದ್ದೆವು ಅಂದುಕೊಂಡಿದ್ದೆ. ಒಂದು ದಿನ ನಾನು ಲ್ಯಾಬಿನಿಂದ ಬರುವಷ್ಟರಲ್ಲಿ ಮಲಗಿಬಿಟ್ಟಿದ್ದಳು. ಎರಡನೆಯ ಸಲ ಅಳುವುದು ಹೇಗೆಂದೇ ನನಗೆ ತಿಳಿಯಲಿಲ್ಲ.

ಮಧ್ಯಾಹ್ನದ ಕೆಲಸ ಸರಿಯಾಗಿ ಮಾಡಲಾಗಲಿಲ್ಲ. ಆ ಭಾಗವನ್ನು ಮತ್ತೆ ನೋಡಿದೆ. ಸಂಜೆ ಬಸ್ಸಿನಲ್ಲಿ ಇನ್ನೊಮ್ಮೆ. ಪಕ್ಕದಲ್ಲಿ ಯಾರು ಕೂತಿದ್ದರೋ ನೆನಪಿಲ್ಲ.

ಫೆಬ್ರುವರಿ 15, ಶನಿವಾರ

ಆ ಹುಡುಗಿಯನ್ನು ಹುಡುಕಿದೆ. ತನ್ಮಯಿ ಎಂದು ಹೆಸರು, ಬೆಳಗಾವಿಯಲ್ಲೇ ಓದುತ್ತಾಳೆ. ಕಾಲೇಜು ರಸ್ತೆಯ ಚಹಾದಂಗಡಿಯಲ್ಲಿ ಭೇಟಿ. ನಾನು ಗುರುಪುತ್ರಪ್ಪನ ಮಗಳು ಅಂದ ಕೂಡಲೇ ಎದ್ದು ನಿಂತಳು.

"ಅಜ್ಜಾರು ನನ್ನ ಮ್ಯಾಲ ಸಿಟ್ಟಾಗ್ಯಾರೇನ್ರಿ ಅಕ್ಕಾ?"

ಅವಳ ಮೇಲೆ ಯಾಕೆ ಸಿಟ್ಟಾಗಬೇಕು? ಬಸವಪ್ರಸಾದರು ತಮ್ಮ ಬರಹದಲ್ಲಿ ಅವಳನ್ನೂ ಬಿಟ್ಟಿರಲಿಲ್ಲ. ಸಿನಿಮಾ ಪೂರ್ತಿ ಅಪ್ಪ ಎನ್ನುವವಳು ಕೊನೆಗೆ ಬಾಬಾ ಎನ್ನುತ್ತಾಳೆ, ನಿರ್ದೇಶಕನಿಗೆ ಅಷ್ಟೂ ಗಮನವಿಲ್ಲ ಎಂದು ಬರೆದಿದ್ದರು. ತನ್ನಿಂದಲೇ ಎಲ್ಲ ಕೆಟ್ಟಿತು ಎಂದು ಈ ಹುಡುಗಿ ತಿಂಗಳುಗಟ್ಟಲೆ ಕೊರಗಿದ್ದಾಳೆ.

"ನಮ್ಮ ಮನ್ಯಾಗ ಮರಾಠಿ ರೀ. ನಾಟಕದಾಗ ಹಂಗ ಏಳ್ತಾರ ಅಂತ ನಂಗ ಗೊತ್ತ ಇರ್ಲಿಲ್ಲ. ಅಜ್ಜಾರು ಒಮ್ಮಿಗೇ ಎದ್ದಾಗ ಖರೇನ ಖುಷಿ ಆತ್ರಿ. ನಕ್ಕಬಿಟ್ಟೆ. ಕಟ್ ಅಂತಾರ ಅನ್ಕೊಂಡೆ, ಯಾರೂ ಅನ್ಲಿಲ್ಲ. ಅಷ್ಟರಾಗ ಮತ್ತ ಮಲಗಿದ್ರು. ಆಮ್ಯಾಲ ಏನ್ ಅಂದ್ನೋ ನಂಗ ಧ್ಯಾನ ಇಲ್ಲ. ಮನ್ಯಾಗ ನಮ್ಮ ಬಾಬಾಗ ಹೆಂಗ ಕರೀತೀನೋ ಹಂಗ ಬಂದಬಿಟ್ಟೈತಿ."

ಅದನ್ನು ತೆಗೆದುಬಿಡು ಎಂದು ಚೇತನನಿಗೆ ಎಲ್ಲರೂ ಹೇಳಿದರಂತೆ. ಅದೊಂದು ತೆಗೆಯುವುದಾದರೆ ಸಿನಿಮಾವೇ ಬೇಡ ಎಂದು ಅವನು ಕೂತನಂತೆ. ಯಾಕೆ ಎಂದು ಬಾಯಿಬಿಟ್ಟು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸಿಟ್ಟು ಬಂತು. ಆದರೆ ಹಿಂದಿನ ಸಿಟ್ಟಲ್ಲ.

ಅವಳಿಗೆ ಪರೀಕ್ಷೆಯಂತೆ, ಸಭೆಗೆ ಬರುವುದಿಲ್ಲ. ಬಸ್ಸಿನಲ್ಲಿ ಬರುವಾಗ ನೆನಪಾಯಿತು, ಆಧಾರ ಕೇಳಲು ಹೋದವಳು ಒಂದನ್ನೂ ಕೇಳದೆ ಬಂದಿದ್ದೆ.

ಫೆಬ್ರುವರಿ 22, ಶನಿವಾರ

ನಾಳೆ. ಅಪ್ಪ ಬೆಳಿಗ್ಗೆಯೇ ಧೋತರಕ್ಕೆ ಇಸ್ತ್ರಿ ಮಾಡಿ ಇಟ್ಟಿದ್ದಾನೆ, ಸಿನಿಮಾದ ಮೊದಲ ದಿನ ಉಟ್ಟ ಅದೇ ಧೋತರ. ನನಗೆ ನೋಡಲಾಗಲಿಲ್ಲ.

ಭೀಮಕ್ಕತ್ತೆ ಬಂದು ಕೊನೆಯ ಪ್ರಯತ್ನ ಮಾಡಿದಳು. "ಊರ ಬಾಯಿಗೆ ಮುಚ್ಚಳ ಹಾಕಾಕ ಆಗೂದಿಲ್ಲೋ ತಮ್ಮಾ. ಸುಮ್ಮನ ಮನ್ಯಾಗಿರು." ಅಪ್ಪ ಕಿವಿ ಕೇಳದವನಂತೆ ಕೂತಿದ್ದ. ಧ್ವನಿ ಹೋದ ಮೇಲೆ ಇದೊಂದು ಅನುಕೂಲ ಕಲಿತಿದ್ದಾನೆ.

ನಾನು ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಹೊಂದಿಸುತ್ತಿದ್ದೇನೆ. ಎಮ್ಮೆಯ ವಿಷಯ ಅವರು ಎತ್ತಿಯೇ ಎತ್ತುತ್ತಾರೆ, ಅದನ್ನು ಒಪ್ಪಿಬಿಡಬೇಕು. ಕೊಳಲನ್ನೂ ಒಪ್ಪಬೇಕು. ಅಂಗಳದ ದೃಶ್ಯ ಮಾತ್ರ ಬಿಟ್ಟುಕೊಡುವಂತಿಲ್ಲ. ಅದು ಬಿದ್ದರೆ ನಮ್ಮ ಸಿನಿಮಾದಲ್ಲಿ ಉಳಿಯುವುದೇನೂ ಇಲ್ಲ.

ಅಪ್ಪನಿಗೆ ಮೊದಲೇ ಎಲ್ಲ ಹೇಳಿ, ಮುಂದಿನ ಭಾಗ ಮೊಬೈಲಿನಲ್ಲಿ ತೋರಿಸಿಬಿಡಲೇ ಎಂದು ಕೇಳಿದೆ. ಬೇಡ ಎಂದು ಕೈಯಾಡಿಸಿದ. ಊಟ ಸೇರಲಿಲ್ಲ.

ಫೆಬ್ರುವರಿ 23, ರವಿವಾರ

ಮನೆಗೆ ಬಂದು ಕೂತಿದ್ದೇನೆ. ಅಪ್ಪ ಒಳಗೆ ನೀರು ಕಾಯಿಸುತ್ತಿದ್ದಾನೆ. ಮರೆಯುವ ಮೊದಲು ಬರೆಯಬೇಕು.

ಶಹಾಪುರದಲ್ಲಿ ಒಂದು ಹಳೆಯ ಮಗ್ಗದ ಮನೆಯನ್ನು ಸಭಾಂಗಣ ಮಾಡಿದ್ದಾರೆ. ಪಕ್ಕದಲ್ಲೆಲ್ಲೋ ಇನ್ನೂ ಮಗ್ಗ ನಡೆಯುವ ಸದ್ದು. ಐವತ್ತು ಅರವತ್ತು ಜನ ಇದ್ದರು. ಅಪ್ಪ ಒಳಗೆ ಬಂದಾಗ ಹಿಂದಿನಿಂದ ಒಬ್ಬ ಕೂಗಿಯೇ ಬಿಟ್ಟ. ಒಂದಿಷ್ಟು ಜನ ನಕ್ಕರು. ಹೃಷೀಕೇಶರು ಗದರಿಸಿದರು. ಅಪ್ಪ ಯಾರನ್ನೂ ನೋಡದೆ ಮೊದಲ ಸಾಲಿನಲ್ಲಿ ಹೋಗಿ ಕೂತ.

ಸಿನಿಮಾ ನಡೆಯಿತು. ಎಮ್ಮೆಗೆ ನಕ್ಕರು, ನಾನೂ ನಕ್ಕೆ. ಅಪ್ಪ ಎದ್ದು ಕೈ ಮುಗಿದಾಗ ಅಲ್ಲೂ ನಕ್ಕರು. ಅವನು ಮತ್ತೆ ಮಲಗಿದಾಗ ನಗು ಹಾಗೇ ಇಳಿಯಿತು, ಒಬ್ಬಿಬ್ಬರದು ಕೊನೆಯವರೆಗೂ ನಿಲ್ಲಲಿಲ್ಲ. ಯಾರದೋ ಫೋನು ಬಡಿದುಕೊಂಡಿತು. ನಾನು ಅಪ್ಪನ ಮುಖ ನೋಡುತ್ತಿದ್ದೆ. ಅವನು ಮುಂದಕ್ಕೆ ಬಾಗಿ, ಬಸ್ಸಿನಲ್ಲಿ ಚಿಲ್ಲರೆ ಹುಡುಕುವಾಗ ಮಾಡುತ್ತಿದ್ದನಲ್ಲ, ಹಾಗೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ.

ಬಸವಪ್ರಸಾದರು ನಾನು ಅಂದುಕೊಂಡಂಥ ಮನುಷ್ಯರಲ್ಲ. ಮೆತ್ತಗೆ ಮಾತಾಡುತ್ತಾರೆ, ಅಪ್ಪನಿಗೆ ಕೈ ಮುಗಿದೇ ಶುರು ಮಾಡಿದರು.

"ಅಜ್ಜಾರ ಮ್ಯಾಲ ನನ್ನ ತಕರಾರ ಇಲ್ರಿ. ನಾಟಕದಾಗ ಸತ್ತಂವ ಎದ್ದ ಕೈ ಮುಗದ್ರ ಅದು ಚಂದ. ಸಿನಿಮಾದಾಗ ಎದ್ರ ಪಾತ್ರ ಹೋತು, ಪಾತ್ರ ಮಾಡಿದಂವ ಅಷ್ಟ ಉಳದ. ಅದನ್ನ ತಿದ್ದೂದು ನಿರ್ದೇಶಕನ ಕೆಲಸ. ತಪ್ಪನ್ನ ತಪ್ಪ ಅಂತ ಅನ್ನದ ಇದ್ರ ಮುಂದಿನಂವ ಕಲಿಯೂದ ಹೆಂಗ?"

ಚಪ್ಪಾಳೆ ಬಂತು. ಹೊಂದಿಸಿಕೊಂಡಿದ್ದ ಮಾತೆಲ್ಲ ನನ್ನ ತಲೆಯಿಂದ ಹಾರಿತು. ಹೃಷೀಕೇಶರು ಮೈಕು ತಂದು ಅಪ್ಪನ ಕೈಗೆ ಕೊಟ್ಟರು. ಬೇಡ ಅನ್ನಲು ಎದ್ದೆ, ಅಷ್ಟರಲ್ಲಿ ಅಪ್ಪ ನಿಂತಿದ್ದ. ಮೈಕನ್ನು ತುಟಿಗೇ ಹಚ್ಚಿ ಪಿಸುಗುಟ್ಟಿದ.

"ನಾ ಇವತ್ತ ಪೂರ್ತಿ ನೋಡಿದೆ. ಸರ್ ಹೇಳಿದ್ದ ಖರೇ ಐತಿ. ಸಿನಿಮಾ ಚಲೋ ಇಲ್ಲ."

ಅಪ್ಪ ಮೈಕನ್ನು ಇನ್ನೊಂದು ಕೈಗೆ ಬದಲಿಸಿದ.

"ಮೊದಲನೇ ಸಲ ಚಲೋ ಸತ್ತೀನಿ. ಎರಡನೇ ಸಲ ಸತ್ತಿದ್ದ ಸುಳ್ಳ. ಬಿಸಲಾಗ ದಣಿವಾಗಿತ್ತು, ಸುಮ್ಮನ ಮಲಗಿಬಿಟ್ಟೆ. ಅದು ಸಾಯೂದಲ್ಲ. ಅದನ್ನ ನೋಡಾಕಂತನ ಬಂದಿದ್ದೆ. ನಂದ ತಪ್ಪೈತಿ."

ಅವನು ಬಂದದ್ದು ಇದಕ್ಕೆ! ಕೂರಲು ಹೋದವಳು ನಿಂತೇ ಇದ್ದೆ.

"ಅಪ್ಪಾ, ನೀ ತಪ್ಪ ಹೇಳಾಕತ್ತಿ," ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನೂ.

"ಮೊದಲನೇದ್ದ ಸುಳ್ಳ. ಹಂಗ ಯಾರ ಸಾಯ್ತಾರ? ಕಂಬಾ ಹಿಡದು, ಎಲ್ಲಾರಿಗೂ ಒಂದೊಂದು ಮಾತ ಹೇಳಿ?" ಜನ ನಕ್ಕರು, ನಗಲಿ. "ಎರಡನೇದ್ದ ಖರೇ. ಆ ಹುಡುಗಿ ಅಪ್ಪ ಎದ್ದಾನ ಅಂತ ನಕ್ಕಾಳ, ಅಷ್ಟರಾಗ ನೀ ಮಲಗೀದಿ. ಯಾರಿಗೂ ಒದರಾಕ ಬಾಯಿ ಬರಲಿಲ್ಲ. ಸರ್, ನೀವು ತಪ್ಪ ಅಂತೀರಿ, ಮತ್ತ ಆ ಹುಡುಗಿ ಬಾಬಾ ಅಂದಿದ್ದೂ ತಪ್ಪ ಅಂತ ಬರದೀರ್ರಿ. ಜೀವ ಹೋಗೂ ಹೊತ್ತಿನ್ಯಾಗ ಯಾರರ ಕಲಿತ ಮಾತ ಆಡ್ತಾರೇನ್ರಿ? ಅಪ್ಪಾ, ಅವ್ವನೂ ಹಂಗ ಎದ್ದ ಕೂತಿದ್ಲು. ಮತ್ತ ಹಂಗ ಸುಮ್ಮನ ಮಲಗಿದ್ಲು."

"ನಿಮ್ಮವ್ವನ್ನ ಯಾಕ ನಡುವ ತರ್ತಿ!"

ಮೈಕು ಕಿರ್ರೆಂದಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಅಪ್ಪ ಮೈಕನ್ನು ಕುರ್ಚಿಯ ಮೇಲೆ ಒಗೆದ.

"ಆಕಿ ಹಂಗ ಮಲಗಲಿಲ್ಲ! ನಿನಗೇನ ಗೊತ್ತೈತಿ? ನೀ ಲ್ಯಾಬಿಗೆ ಹೋಗಿದ್ದಿ. ಬಾಜು ನಾ ಕೂತಿದ್ದೆ. ಮಲಗಿದಾಕಿ ನನ್ನ ಕಡೆ ಮಾರಿ ತಿರಿವಿ, ಚಹಾ ಆರ್ತೈತಿ, ಕುಡೀರಿ ಅಂದ್ಲು. ನಾ ಕುಡದ ಕಪ್ಪ ಇಡೂದ್ರಾಗ ಹೋಗಿದ್ಲು. ಅದು ಸಾವು! ಈ ಸಿನಿಮಾದಾಗ ಆ ಮಾತ ಎಲ್ಲೈತಿ ತೋರಸ. ಇಲ್ಲ! ಅದಕ್ಕ ಸುಳ್ಳ ಅಂದೆ."

ನನಗೆ ಗೊತ್ತಿರಲಿಲ್ಲ. ಅವ್ವ ಕೊನೆಗೆ ಏನಂದಳು ಎಂದು ಯಾರೂ ನನಗೆ ಹೇಳಿರಲಿಲ್ಲ. ಅಷ್ಟು ಜನರ ಮುಂದೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಹೊಳೆಯಲಿಲ್ಲ. ಆದರೆ ವಾದ ಬಿಡಲು ಮನಸ್ಸಿರಲಿಲ್ಲ.

"ಮತ್ತ ನೀ ಯಾಕ ಸಿನಿಮಾದಾಗ ಮಾರಿ ಆ ಕಡೆ ತಿರಿವಿದಿ? ಆಕಿ ನಿನ್ನ ಕಡೆ ತಿರಿವಿದ್ಲು, ನೀ ಯಾಕ ಮಗಳ ಕಡೆ ತಿರುವಲಿಲ್ಲ?"

ಅಪ್ಪ ಪರದೆಯ ಕಡೆ ಒಮ್ಮೆ ತಿರುಗಿ ನೋಡಿದ.

"ಈ ಕಡೆ ಬಿಸಲಿತ್ತು," ಅಂದ.

ಅದು ಉತ್ತರವೇ ಅಲ್ಲ. ಹಾಗೆಂದು ಹೇಳಿದೆ. ಅಲ್ಲಿಂದ ಮುಂದೆ ನಾವಿಬ್ಬರೇ ಮಾತಾಡಿದ್ದಂತೆ ನೆನಪು. ನಡುನಡುವೆ ಬಸವಪ್ರಸಾದರು ಒಮ್ಮೆ ಅಪ್ಪನ ಪರ, ಒಮ್ಮೆ ನನ್ನ ಪರ ಏನೋ ಅಂದರು, ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ತೀರ್ಮಾನ ಯಾವುದೂ ಆಗಲಿಲ್ಲ. ಹೃಷೀಕೇಶರು ವೇಳೆ ಮೀರಿತು ಎಂದು ಕೈ ಮುಗಿದು ಮುಗಿಸಿದರು. ಬಾಗಿಲಲ್ಲಿ ಬಸವಪ್ರಸಾದರು ನನಗೆ ಹೇಳಿದರು, "ನಾ ಬರದಿದ್ದ ಬದಲ ಮಾಡೂದಿಲ್ರಿ. ಆದರ ಬಾಬಾ ಅನ್ನೂದನ್ನ ಮಾತ್ರ ವಾಪಸ್ ತಗೋತೀನಿ." ಅದಾದರೂ ಆಯಿತು. ತನ್ಮಯಿಗೆ ಬಸ್ ನಿಲ್ದಾಣದಿಂದಲೇ ಫೋನ್ ಮಾಡಿ ತಿಳಿಸಿದೆ.

ಬಸ್ಸಿನಲ್ಲೂ ಜಗಳ ಹರಿಯಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಅಪ್ಪ ಎಮ್ಮೆಯ ದೃಶ್ಯ ಚೆನ್ನಾಗಿದೆ ಅನ್ನುತ್ತಾನೆ! ಆ ಎಮ್ಮೆ! ಕಂಡಕ್ಟರ್ ಹುಡುಗಿ ಬಂದು "ಅಜ್ಜಾರ, ಸ್ವಲ್ಪ ಹಗೂರ್ಕ ಮಾತಾಡ್ರಿ, ಡ್ರೈವರಗ ನನ್ನ ಸೀಟಿ ಕೇಳ್ಸವಲ್ದು," ಅಂದಳು. ನನಗೆ ನಾಚಿಕೆಯಾಯಿತು, ಅಪ್ಪನಿಗೆ ಆಗಲಿಲ್ಲ. ಅವ್ವನ ಬಗ್ಗೆಯೂ ಏನೇನೋ ಹೇಳಿದ. ಆ ದಿನ ಚಹಾ ಮಾಡಿದವನು ತಾನೇ ಅಂತೆ, ಸಕ್ಕರೆ ಹೆಚ್ಚಾಗಿತ್ತಂತೆ, ಅವಳು ಅದಕ್ಕೂ ಬೈದಿದ್ದಳಂತೆ. ಎಲ್ಲವನ್ನೂ ಇಡೀ ಬಸ್ಸು ಕೇಳಿತು.

ತಲೆ ನೋಯುತ್ತಿದೆ. ಹಸಿವೂ ಆಗಿದೆ.

ಫೆಬ್ರುವರಿ 24, ಸೋಮವಾರ

ರಜೆ ಹಾಕಿದ್ದೇನೆ. ರೊಟ್ಟಿ ಬಡಿಯುತ್ತಾ ಯೋಚಿಸಿದರೆ ನಿನ್ನೆ ಹೇಳಬೇಕಾಗಿದ್ದ ಒಳ್ಳೆಯ ಮಾತುಗಳೆಲ್ಲ ಇವತ್ತು ಹೊಳೆಯುತ್ತಿವೆ.

ಅಪ್ಪ ಬೆಳಿಗ್ಗೆಯೇ ಎದ್ದು ಭೀಮಕ್ಕತ್ತೆಯ ಮನೆಗೆ ಹೋಗಿದ್ದಾನೆ. ಸಿನಿಮಾ ಎಷ್ಟು ಕೆಟ್ಟದು, ಮಗಳಿಗೆ ಹೇಗೆ ಏನೂ ತಿಳಿಯುವುದಿಲ್ಲ ಎಂದು ಅವಳಿಗೆ ವಿವರಿಸುತ್ತಿದ್ದಾನೆ. ಮೂರು ಮನೆ ಆಚೆ, ನಡುವೆ ಎರಡು ಮನೆ, ಒಲೆಯ ಮುಂದೆ ಕೂತ ನನಗೆ ಒಂದಕ್ಷರ ಬಿಡದೆ ಕೇಳಿಸುತ್ತಿದೆ. ಎರಡನೆಯ ಸಾವಿನ ವಿಷಯಕ್ಕೆ ಬಂದ. ಪೂರಾ ತಪ್ಪು ಹೇಳುತ್ತಿದ್ದಾನೆ. ಹೆಂಚು ಇಳಿಸಿಟ್ಟು ಹೋಗಿ ಉತ್ತರ ಕೊಟ್ಟು ಬರಬೇಕು.